ಮೊಸರನ್ನದ ಬೆಕ್ಕು, ಹಸಿ ಮಾಂಸದ ಬೆಕ್ಕು

ನಾನು ಪಶುವೈದ್ಯೆಯಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಬೆಕ್ಕನ್ನು ಆಸ್ಪತ್ರೆಗೆ ತರಬಹುದು ಎಂಬ ಯೋಚನೆಯೇ ಜನರಿಗೆ ಇರಲಿಲ್ಲ. ಹಸು ತರುತ್ತಿದ್ದರು, ಎಮ್ಮೆ ತರುತ್ತಿದ್ದರು, ಮಾರುಕಟ್ಟೆಯ ಕಡೆಯಿಂದ ಗಾಡಿ ಕುದುರೆಗಳು ಕುಂಟುತ್ತ ಬರುತ್ತಿದ್ದವು. ಬೆಕ್ಕಿಗೆ ಕಾಯಿಲೆಯಾದರೆ ಅದು ಎಲ್ಲೋ ಹೋಗಿ ಮಲಗುತ್ತಿತ್ತು. ವಾಸಿಯಾದರೆ ವಾಪಸು ಬರುತ್ತಿತ್ತು. ಬರದಿದ್ದರೆ ಮನೆಯವರು ಒಂದೆರಡು ದಿನ ಹಿತ್ತಲಲ್ಲಿ ನಿಂತು ಕರೆದು ಸುಮ್ಮನಾಗುತ್ತಿದ್ದರು.

ಈಗ ನನ್ನ ಹತ್ತಿರ ಮಾತಾಡಲು ಬರುವ ಹೊಸ ಡಾಕ್ಟರುಗಳ ದಿನವೆಲ್ಲ ಬೆಕ್ಕುಗಳ ಜೊತೆಯೇ ಕಳೆಯುತ್ತದೆ. ಅವರು ಕೂತ ಕೂಡಲೇ ಕೇಳುವುದು ಇದನ್ನೇ: "ಮೇಡಂ, ಬೆಕ್ಕಿಗೆ ಹಸಿ ಮಾಂಸ ಹಾಕ್ಬಹುದಾ, ಬೇಡ್ವಾ? ಒಂದೇ ಮಾತಲ್ಲಿ ಹೇಳಿ."

ಒಂದೇ ಮಾತಿನಲ್ಲಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಅದಕ್ಕೇ ನಾನು ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತಿದ್ದೇನೆ.

ನಾನು ಮಂಡ್ಯದ ಕಡೆಯ ಹಳ್ಳಿಯವಳು. ನಮ್ಮ ಮನೆಯ ಬೆಕ್ಕಿಗೆ ಹಾಲು ಕರೆಯುವಾಗ ಒಂದಿಷ್ಟು ಹಾಲು ಸಿಗುತ್ತಿತ್ತು, ಭಾನುವಾರ ಕೋಳಿ ಕೊಯ್ದರೆ ಒಳಗಿನ ಚೂರುಪಾರು ಸಿಗುತ್ತಿತ್ತು. ಉಳಿದದ್ದನ್ನು ಅದು ಹುಲ್ಲಿನ ಮೆದೆಯ ಕೆಳಗೆ ತಾನೇ ಹಿಡಿದುಕೊಳ್ಳುತ್ತಿತ್ತು. ಇದಕ್ಕೆಲ್ಲ 'ರಾ ಡಯಟ್' ಎಂದು ಒಂದು ಹೆಸರಿದೆ ಎಂದು ನನಗೆ ಗೊತ್ತಾಗುವಷ್ಟರಲ್ಲಿ ನನ್ನ ತಲೆಗೂದಲು ಬೆಳ್ಳಗಾಗಿತ್ತು.

ನನ್ನ ಮೊದಲ ಕೆಲಸ ಚಾಮರಾಜಪೇಟೆಯ ಅಂಚಿನಲ್ಲಿದ್ದ ಒಂದು ಸಣ್ಣ ಸರ್ಕಾರಿ ಪಶು ಆಸ್ಪತ್ರೆಯಲ್ಲಿ. ಅಲ್ಲಿನ ಹಿರಿಯ ವೈದ್ಯರು ಸಿದ್ದಪ್ಪನವರು. ಸಿಡುಕಿನ ಮನುಷ್ಯ; ಆದರೆ ಪ್ರಾಣಿಯನ್ನು ಮುಟ್ಟುವ ಮೊದಲು ಯಜಮಾನನನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾತಾಡಿಸುತ್ತಿದ್ದ ರೀತಿಯೇ ಬೇರೆ. "ಏನ್ ತಿನ್ನುತ್ತೆ ಅಂತ ಎಲ್ಲರೂ ಕೇಳ್ತಾರೆ ಕಣಮ್ಮ," ಎಂದು ನನಗೆ ಹೇಳಿದ್ದರು, "ಯಾರು ಹಾಕ್ತಾರೆ ಅಂತ್ಲೂ ಕೇಳು."

ಆಸ್ಪತ್ರೆಯಲ್ಲಿ ನಾನು ನೋಡಿದ ಮೊದಲ ಬೆಕ್ಕನ್ನು ತಂದವರು ಮಲ್ಲೇಶ್ವರದ ಸಂಗೀತದ ಟೀಚರ್ ಪದ್ಮಾವತಮ್ಮ. ತರಕಾರಿ ಚೀಲದಿಂದ ಬಿಳಿ ಬೆಕ್ಕಿನ ತಲೆ ಮಾತ್ರ ಹೊರಗಿತ್ತು. ಕೆಳಗೆ ಬಿಟ್ಟರೆ ಅದು ಎರಡು ಹೆಜ್ಜೆ ನಡೆದು ಮೇಜಿನ ಕಾಲಿಗೆ ಡಿಕ್ಕಿ ಹೊಡೆಯಿತು. ಸಿದ್ದಪ್ಪನವರು ಟಾರ್ಚು ಬಿಟ್ಟು ನೋಡಿದರು. ಬೆಳಕು ಬಿದ್ದರೂ ಕಣ್ಣಿನ ಪಾಪೆ ಅಗಲವಾಗಿಯೇ ಇತ್ತು.

"ಏನ್ ಹಾಕ್ತೀರಮ್ಮಾ?"

"ಮೊಸರನ್ನ. ಬೆಳಗ್ಗೆ ಹಾಲು. ನಮ್ಮದು ಬೀದೀಲಿ ತಿರುಗೋ ಬೆಕ್ಕಲ್ಲ ಡಾಕ್ಟ್ರೇ, ಹೊಸ್ಲು ದಾಟಲ್ಲ. ಹಲ್ಲೀನೂ ಮುಟ್ಟಲ್ಲ." ಅವರ ಮಾತಿನಲ್ಲಿ ಹೆಮ್ಮೆಯಿತ್ತು.

ಸಿದ್ದಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು. "ನಂಗೆ ಗೊತ್ತಾಗ್ತಿಲ್ಲ. ಗೊತ್ತಾಗ್ತಿಲ್ಲ ಅಂತ್ಲೇ ಅವರಿಗೆ ಹೇಳೋಣ. ಆಮೇಲೆ ನೀನು ಹೋಗಿ ಓದು." ತಮಗೆ ಗೊತ್ತಿಲ್ಲ ಎಂದು ಮೇಲಧಿಕಾರಿಯೊಬ್ಬರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೋಗಿ ಓದಿದೆ. ಕಾಲೇಜಿನ ಲೈಬ್ರರಿಯಲ್ಲಿ ಬೆಕ್ಕಿನ ಬಗ್ಗೆ ಇದ್ದದ್ದೇ ಕಡಿಮೆ. ಕೊನೆಗೆ ಸಿಕ್ಕಿತು. ಟಾರೀನ್ ಎಂಬ ಒಂದು ಅಂಶವಿದೆ; ಕಣ್ಣಿಗೂ ಹೃದಯಕ್ಕೂ ಅದು ಬೇಕು. ನಾಯಿ ಸಾಮಾನ್ಯವಾಗಿ ಅದನ್ನು ತನ್ನ ಮೈಯಲ್ಲೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿಗೆ ಅದು ಸಾಲುವಷ್ಟು ಆಗುವುದಿಲ್ಲ, ಮಾಂಸದಿಂದಲೇ ಪಡೆಯಬೇಕು. ಹಾಗಾದರೆ ಊರ ತುಂಬ ಮೊಸರನ್ನ ತಿನ್ನುವ ಬೆಕ್ಕುಗಳು ಹೇಗೆ ಬದುಕಿದ್ದವು? ಇದನ್ನು ಯೋಚಿಸುತ್ತ ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿ ಮುಂದೆ ಹೋಗಿಬಿಟ್ಟೆ. ಉತ್ತರ ಸರಳವಾಗಿತ್ತು. ಅವು ಮನೆಯಲ್ಲಿ ಮೊಸರನ್ನ ತಿಂದು, ಹೊರಗೆ ಹೋಗಿ ಇಲಿ ತಿನ್ನುತ್ತಿದ್ದವು. ಪದ್ಮಾವತಮ್ಮನವರ ಬೆಕ್ಕು ಮಾತ್ರ ನಿಜವಾಗಿಯೂ ಬರೀ ಮೊಸರನ್ನ ತಿಂದಿತ್ತು.

ಆ ಬೆಕ್ಕಿಗೆ ದೃಷ್ಟಿ ಮರಳಲಿಲ್ಲ. ಪದ್ಮಾವತಮ್ಮ ಒಂದು ದಿನ ಬಂದು, "ಪಕ್ಕದ ಮನೆಯವರು ಬೇಯಿಸಿದ ಮೀನು ತಂದ್ಕೊಡ್ತಾರೆ, ವರಾಂಡದಲ್ಲಿ ಹಾಕ್ತೀನಿ," ಎಂದರು. ಆಮೇಲೆ ಮೆಲ್ಲಗೆ, "ಮನೇಲಿ ಕುರ್ಚಿ ಮೇಜು ಏನೂ ಜರುಗಿಸಲ್ಲ ಡಾಕ್ಟ್ರೇ. ಅದಕ್ಕೆ ದಾರಿ ತಪ್ಪತ್ತೆ," ಎಂದರು.

ಅಂದಿನಿಂದ ಬೆಕ್ಕಿನ ಊಟದ ಬಗ್ಗೆ ನನಗೆ ಒಂದು ಕುತೂಹಲ ಅಂಟಿಕೊಂಡಿತು. ಮಾಮೂಲ್‌ಪೇಟೆಯ ಒಬ್ಬ ವ್ಯಾಪಾರಿ ಕತ್ತು ತಿರುಗಿಸಲಾಗದ ಗಂಡು ಬೆಕ್ಕನ್ನು ತಂದರು. ಹಿಂದಿನಿಂದ ಕರೆದರೆ ಅದು ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿತ್ತು, ತನ್ನ ಬೆನ್ನನ್ನು ತಾನು ನೆಕ್ಕಿಕೊಳ್ಳಲಾಗದೆ ಕೂದಲೆಲ್ಲ ಗಂಟುಗಟ್ಟಿತ್ತು. ವರ್ಷಗಟ್ಟಲೆ ಅದಕ್ಕೆ ಹಸಿ ಲಿವರ್ ಬಿಟ್ಟು ಬೇರೇನೂ ಹಾಕಿರಲಿಲ್ಲ. "ಲಿವರ್ ಅಂದ್ರೆ ಶಕ್ತಿ ಅಲ್ವಾ ಮೇಡಂ, ಅಂಗಡಿಯವನು ದಿನಾ ಇಷ್ಟು ತೆಗೆದಿಟ್ಟಿರ್ತಾನೆ." ಅದರಲ್ಲಿರುವ ಎ ಜೀವಸತ್ವ ಮೈಯಲ್ಲಿ ಅತಿಯಾಗಿ ಸೇರಿ, ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು. ಅಲ್ಲಿ ಮಾಂಸವಿಲ್ಲದೆ ಕಣ್ಣು ಹೋಗಿತ್ತು. ಇಲ್ಲಿ ಒಂದೇ ಬಗೆಯ ಮಾಂಸ ತಿಂದು ಕತ್ತು ಕಲ್ಲಾಗಿತ್ತು.

ಸರ್ಕಾರಿ ಕೆಲಸ ಮುಗಿದ ಮೇಲೆ ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ ಸಣ್ಣ ಕ್ಲಿನಿಕ್ ತೆರೆದೆ. ಅಷ್ಟರಲ್ಲಿ ಕಾಲ ಬದಲಾಗಿತ್ತು. ಎಕ್ಸ್‌ರೇ ಫಿಲಂ ಒಣಗುವುದನ್ನು ಕಾಯಬೇಕಿರಲಿಲ್ಲ, ಚಿತ್ರ ನೇರ ಫೋನಿಗೇ ಬರುತ್ತಿತ್ತು. ಬೆಕ್ಕುಗಳು ತರಕಾರಿ ಚೀಲ ಬಿಟ್ಟು, ಪಾರದರ್ಶಕ ಕಿಟಕಿಯಿರುವ ಬೆನ್ನುಚೀಲದಲ್ಲಿ ಬರತೊಡಗಿದ್ದವು. ಕೋಳಿಯ ಮಾಂಸ, ಹೃದಯ, ಲಿವರ್, ಮೂಳೆ ಇಷ್ಟಿಷ್ಟು ಎಂದು ತಕ್ಕಡಿಯಲ್ಲಿ ತೂಗಿ, ಹಸಿಯಾಗಿಯೇ ಅರೆಸಿ, ಡಬ್ಬಿಗಳಲ್ಲಿ ಫ್ರೀಜ್ ಮಾಡಿಟ್ಟು ಹಾಕುವವರು ಬಂದರು. ಕಾಡಿನಲ್ಲಿ ಬೆಕ್ಕಿಗೆ ಒಲೆ ಯಾರು ಹಚ್ಚುತ್ತಿದ್ದರು ಎಂಬುದು ಅವರ ವಾದ. ತೆಗೆದುಹಾಕುವ ವಾದವೇನೂ ಅಲ್ಲ. ಆದರೆ ಕಾಡಿನ ಬೆಕ್ಕು ಹಿಡಿದ ಇಲಿ ಅಂಗಡಿಯ ತೊಟ್ಟಿಯಲ್ಲಿ ಮಧ್ಯಾಹ್ನದವರೆಗೆ ಕಾದಿರುವುದಿಲ್ಲ ಎಂದು ನಾನು ಹೇಳುತ್ತಿದ್ದೆ.

ಅಂಥವರಲ್ಲಿ ಒಬ್ಬಳು ಮೇಘನಾ. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ಮೂವತ್ತರ ಆಸುಪಾಸು. ಗಾಂಧಿ ಬಜಾರಿನ ಹಿಂದಿನ ಗಲ್ಲಿಯಲ್ಲಿ ಸಿಕ್ಕ ಹೆಣ್ಣು ಮರಿಯನ್ನು ಸಾಕಿದ್ದಳು. ಕಪ್ಪು, ಕೆಂಪು, ಕಂದು ಎಲ್ಲ ಸಿಡಿಸಿದಂಥ ಅದರ ಬಣ್ಣ ನೋಡಿ 'ಒಗ್ಗರಣೆ' ಎಂದು ಹೆಸರಿಟ್ಟಿದ್ದಳು.

"ಮೇಡಂ, ನಿನ್ನೆಯಿಂದ ಹಿಂದಿನ ಕಾಲು ಊರ್ತಿಲ್ಲ."

"ಎಲ್ಲಿಂದಾದ್ರೂ ಬಿತ್ತಾ?"

"ದಿವಾನ್ ಮೇಲಿಂದ ಹಾರಿತ್ತು ಅಷ್ಟೇ."

ಮರಿಗಳು ಎಡವುತ್ತವೆ, ಉಳುಕಿಸಿಕೊಳ್ಳುತ್ತವೆ. ನೋವಿಗೆ ಔಷಧಿ ಕೊಟ್ಟು ಕಳಿಸಿದೆ. ಮುಂದಿನ ವಾರವೇ ಮತ್ತೆ ಬಂದಳು. ಈ ಸಲ ಮರಿ ನಿಲ್ಲಲೇ ಇಲ್ಲ. ಬೆನ್ನಿನ ಮೇಲೆ ಕೈಯಿಟ್ಟರೆ ಕಿರುಚಿತು.

ಎಕ್ಸ್‌ರೇ ನೋಡಿ ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಮೂಳೆ ಎಂದರೆ ಬೆಳ್ಳಗೆ ಎದ್ದು ಕಾಣಬೇಕು. ಇಲ್ಲಿ ಮಾಂಸಕ್ಕೂ ಮೂಳೆಗೂ ಹೆಚ್ಚು ವ್ಯತ್ಯಾಸವೇ ಕಾಣುತ್ತಿರಲಿಲ್ಲ. ತೊಡೆಯ ಮೂಳೆ ಹಸಿ ಕಡ್ಡಿ ಬಾಗಿದ ಹಾಗೆ ಮಡಚಿಕೊಂಡಿತ್ತು. ಬೆನ್ನುಮೂಳೆಯೂ ಒಂದು ಕಡೆ ಕುಸಿದಿತ್ತು.

ಬರೀ ಮಾಂಸ ತಿಂದ ಮರಿಗೆ ಹೀಗಾಗುತ್ತದೆ. ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಊಟದಲ್ಲಿ ಸಿಗದಿದ್ದಾಗ ದೇಹ ಅದನ್ನು ತನ್ನ ಮೂಳೆಯಿಂದಲೇ ತೆಗೆದುಕೊಳ್ಳುತ್ತದೆ. ಮೇಘನಾಳಿಗೆ ಇದನ್ನೇ ಹೇಳಿದೆ.

"ಸಾಧ್ಯನೇ ಇಲ್ಲ ಮೇಡಂ. ನಾವು ಮೂಳೆ ಸಮೇತ ಅರೆಸ್ತೀವಿ. ಅಳತೆ ಪ್ರಕಾರಾನೇ ಹಾಕ್ತೀವಿ."

ಅವಳು ಸುಳ್ಳು ಹೇಳುವ ಹುಡುಗಿಯಲ್ಲ. ಹಾಗಾದರೆ ಇನ್ನೇನು? ಮೂತ್ರಪಿಂಡ ಕೆಟ್ಟರೂ ಮೂಳೆ ಸವೆಯುತ್ತದೆ. ರಕ್ತ ಪರೀಕ್ಷೆ ಮಾಡಿಸಿದೆ, ಮೂತ್ರಪಿಂಡ ಸರಿಯಿತ್ತು. ಹುಟ್ಟಿನಿಂದಲೇ ಮೂಳೆ ಸುಲಭವಾಗಿ ಮುರಿಯುವಂತಿರುವ ಮರಿಗಳೂ ಉಂಟು. ಎಕ್ಸ್‌ರೇಯನ್ನು ಗೆಳತಿಯೊಬ್ಬಳಿಗೆ ಕಳಿಸಿದೆ, ಅವಳೂ ಪಶುವೈದ್ಯೆ. "ನೋವು ತಿನ್ನಿಸಬೇಡ, ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡು," ಎಂದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಆದರೆ ಕಾರಣ ತಿಳಿಯದೆ ಆ ಇಂಜೆಕ್ಷನ್ ತುಂಬಲು ನನಗೆ ಕೈ ಬರಲಿಲ್ಲ. ಊಟದ ಒಂದು ಡಬ್ಬಿ ತಂದು ತೋರಿಸು ಎಂದು ಮೇಘನಾಳಿಗೆ ಹೇಳಿದೆ.

ಡಬ್ಬಿ ತಂದಳು. ಕರಗಿದ ಮೇಲೆ ಕೈಗೆ ಗ್ಲೋವ್ಸ್ ಹಾಕಿಕೊಂಡು, ಒಂದಿಷ್ಟನ್ನು ಬಿಳಿ ಟೈಲ್ಸ್ ಮೇಲಿಟ್ಟು ಬೆರಳಿನಿಂದ ಉಜ್ಜಿದೆ. ಮೂಳೆ ಅರೆದಿದ್ದರೆ ಮರಳಿನ ಹಾಗೆ ಸಣ್ಣಗೆ ಕೈಗೆ ಸಿಗುತ್ತದೆ. ಇದು ಹಿಟ್ಟಿನ ಮುದ್ದೆಯ ಹಾಗೆ ನುಣ್ಣಗಿತ್ತು. ಮತ್ತೆ ಉಜ್ಜಿದೆ. ಏನೂ ಇಲ್ಲ.

ಏನು ತಿನ್ನುತ್ತದೆ ಎಂದು ಹತ್ತು ಸಲ ಕೇಳಿದ್ದ ನಾನು ಆಗ ಇನ್ನೊಂದು ಪ್ರಶ್ನೆ ಕೇಳಿದೆ. "ಇದನ್ನ ತರೋದು ಯಾರು?"

"ಅಪ್ಪ. ನಾನು ಬೆಳಗ್ಗೆ ಬೇಗ ಸ್ಕೂಲಿಗೆ ಹೊರಟುಬಿಡ್ತೀನಿ. ಅವರೇ ತಂದು ಡಬ್ಬಿಗೆ ತುಂಬಿಡ್ತಾರೆ."

ಅವಳ ತಂದೆ ರಘುನಾಥರಾಯರನ್ನು ನಾನು ಆಗಲೇ ನೋಡಿದ್ದೆ. ಅಂಚೆ ಇಲಾಖೆಯಿಂದ ನಿವೃತ್ತರಾದವರು. ಮಗಳನ್ನು ಸ್ಕೂಟರಿನಲ್ಲಿ ಕರೆತಂದು ಹೊರಗೇ ನಿಂತಿರುತ್ತಿದ್ದರು, ಒಳಗೆ ಕಾಲಿಡುತ್ತಿರಲಿಲ್ಲ. ಬೆಕ್ಕೆಂದರೆ ಅವರಿಗೆ ಆಗುವುದಿಲ್ಲವೇನೋ ಎಂದುಕೊಂಡಿದ್ದೆ. ಈಗ ಕರೆಸಿದೆ. ಚಪ್ಪಲಿ ಬಿಟ್ಟು ಒಳಗೆ ಬಂದು, ಮೇಜಿನ ಮೇಲೆ ಮಲಗಿದ್ದ ಮರಿಯನ್ನು ನೋಡುತ್ತ ನಿಂತರು.

"ರಾಯರೇ, ಇದರಲ್ಲಿ ಮೂಳೆ ಇದೆಯಾ?"

ಅವರು ಮಗಳ ಮುಖ ನೋಡಿದರು. ಆಮೇಲೆ ನನ್ನ ಮುಖ.

"ಮೊದಲ ದಿನ ಹಾಕಿಸ್ದೆ," ಎಂದರು. "ನಮ್ಮನೆ ಹತ್ರ ಎಲ್ಲರೂ ಗೊತ್ತಿರೋರು, ಅದಕ್ಕೆ ಮಾವಳ್ಳಿಗೆ ಹೋಗಿದ್ದೆ. ಆ ಅಂಗಡಿ ಹುಡುಗ ಅರೆಯೋಕೆ ಮುಂಚೆ ಕೊರಡಿನ ಮೇಲಿಟ್ಟು ಮೂಳೆ ಕೊಚ್ತಾನಲ್ಲ, ಆ ಸದ್ದು... ನಂಗೆ ತಲೆ ಸುತ್ತಿ ಅಲ್ಲೇ ಕಟ್ಟೆ ಮೇಲೆ ಕೂತ್ಬಿಟ್ಟೆ. ಅವನೇ ನೀರು ಕೊಟ್ಟ. ಮುಂದಿನ ಸಲದಿಂದ ಮೂಳೆ ಬೇಡಪ್ಪ, ಮೆತ್ತಗಿರೋದು ಮಾತ್ರ ಕೊಡು ಅಂದೆ. ಮೂಳೆ ಅಂದ್ರೆ ಎಸೆಯೋದಲ್ವಾ? ಅದರಲ್ಲೇನಿರತ್ತೆ ಅಂದ್ಕೊಂಡೆ."

"ಅಪ್ಪಾ! ನಾನು ಪ್ರತಿ ಸಲ ಕೇಳ್ತಿದ್ನಲ್ಲ! ಮೂಳೆ ಹಾಕಿಸ್ದ್ಯಾ ಅಂದ್ರೆ ಹೂಂ ಅಂತಿದ್ಯಲ್ಲ!"

"ಹೂಂ ಅಂದೆ."

"ಯಾಕಪ್ಪಾ?"

ಮೇಘನಾ ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು. ಅವಳ ಬೆನ್ನು ಅಲುಗುತ್ತಿದ್ದದ್ದು ಬಾಗಿಲಿನಿಂದ ನನಗೆ ಕಾಣುತ್ತಿತ್ತು.

ಆಗ ರಾಯರು ತಗ್ಗಿದ ದನಿಯಲ್ಲಿ ಹೇಳಿದರು. ಮಗಳು ಮದುವೆ ಮುರಿದುಕೊಂಡು ಮನೆಗೆ ಮರಳಿದ್ದಳು. ಸ್ಕೂಲಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮನೆಯಲ್ಲಿ ಮಾತೇ ಇರಲಿಲ್ಲ. "ಈ ಮರಿ ಬಂದ ದಿನ ಊಟಕ್ಕೆ ಕೂತಾಗ ಇದರ ವಿಷಯ ಶುರು ಮಾಡಿದೋಳು, ಮೊಸರನ್ನದ ತನಕ ಮಾತಾಡಿದ್ಲು ಡಾಕ್ಟ್ರೇ. ವಾಪಸ್ ಬಂದ್ಮೇಲೆ ನನ್ನನ್ನ ಕೇಳಿದ್ದು ಇದೊಂದೇ ಕೆಲಸ. ಮಾವಳ್ಳಿಗೆ ಹೋಗಿ ಬಾಪ್ಪಾ ಅಂತ. ನನ್ನ ಕೈಲಿ ಆಗ್ತಿಲ್ಲ ಅಂತ ಹೇಗೆ ಹೇಳ್ಲಿ?"

ನನ್ನ ಕೆಲಸದಲ್ಲಿ ಪ್ರಾಣಿಗೆ ಏನು ಮಾಡಬೇಕೆಂದು ಕಲಿಸುತ್ತಾರೆ. ಇಂಥ ಹೊತ್ತಿಗೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಮೇಘನಾಳನ್ನು ಒಳಗೆ ಕರೆದು, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೆ. ಕಾರಣ ಸಿಕ್ಕಿತಲ್ಲ, ಇದು ಒಳ್ಳೆಯ ಸುದ್ದಿ ಎಂದೆ. ಹುಟ್ಟಿನಿಂದ ಬಂದ ದೋಷವಾಗಿದ್ದರೆ ನಾನು ಕೈಚೆಲ್ಲಬೇಕಿತ್ತು. ಇದು ಊಟದಿಂದ ಬಂದದ್ದು, ಊಟದಿಂದಲೇ ಸರಿಯಾಗಬಹುದು. ಆದರೆ ಹಸಿ ಮಾಂಸ ಈಗ ಪೂರ್ತಿ ನಿಲ್ಲಬೇಕು, ಬೆಳೆಯುವ ಮರಿಗಳಿಗೆಂದೇ ತಯಾರಿಸಿದ ಆಹಾರ ಹಾಕಬೇಕು. ಮೂಳೆ ಗಟ್ಟಿಯಾಗುವವರೆಗೆ ಮರಿ ಹಾರಬಾರದು, ಓಡಬಾರದು, ಪಂಜರದಲ್ಲೇ ಇರಬೇಕು.

"ಪ್ಯಾಕೆಟ್ ಆಹಾರ ಜಂಕ್ ಅಂತಾರಲ್ಲ ಮೇಡಂ?" ಮೇಘನಾ ಕಣ್ಣೊರೆಸಿಕೊಂಡು ಕೇಳಿದಳು.

"ಹಾಗಂದೋರು ಈ ಎಕ್ಸ್‌ರೇ ನೋಡಿಲ್ಲಮ್ಮ."

"ನಡೆಯತ್ತಾ ಇದು?"

"ಗೊತ್ತಿಲ್ಲ. ನೋಡೋಣ."

ಅವರಿಬ್ಬರೂ ಸ್ಕೂಟರ್ ಹತ್ತಿದರು. ಮೇಘನಾ ಒಂದು ಕೈಯಲ್ಲಿ ಮರಿಯ ಚೀಲ ಹಿಡಿದಿದ್ದಳು. ಇನ್ನೊಂದು ಕೈಯಿಂದ ತಂದೆಯ ಭುಜವನ್ನು ಹಿಡಿದುಕೊಳ್ಳಲಿಲ್ಲ, ಹಿಂದಿನ ಕಂಬಿಯನ್ನು ಹಿಡಿದುಕೊಂಡಳು.

ಕೆಲವು ದಿನಗಳ ಮೇಲೆ ಮರಿಯನ್ನು ನೋಡಲು ನಾನೇ ಅವರ ಮನೆಗೆ ಹೋದೆ. ಅಲುಗಿಸುವುದು ಬೇಡ ಎಂಬುದು ಒಂದು ಕಾರಣ, ನನ್ನ ಕುತೂಹಲ ಇನ್ನೊಂದು. ಮೇಘನಾಳ ತಾಯಿ ವತ್ಸಲಮ್ಮನವರನ್ನು ಮೊದಲು ನೋಡಿದ್ದು ಆಗಲೇ. ಕಟ್ಟುನಿಟ್ಟಿನ ಮಡಿಯವರು. ಮಾಂಸವು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ದಾಟಿ ಒಳಗೆ ಬರಕೂಡದೆಂದು ಕಟ್ಟಪ್ಪಣೆ ಮಾಡಿದ್ದರಂತೆ. ಅದಕ್ಕೆಂದೇ ಹಿತ್ತಲಲ್ಲಿ ಸಣ್ಣದೊಂದು ಹಳೆಯ ಫ್ರಿಜ್ಜು ಇಟ್ಟಿದ್ದರು. ಆದರೆ ಪಂಜರ ಇದ್ದದ್ದು ನಡುಮನೆಯಲ್ಲಿ, ಟೀವಿಯ ಎದುರು, ಅವರ ಕುರ್ಚಿಗೆ ತಾಗಿಕೊಂಡು. ಮೇಲೆ ಹಳೆಯ ನೂಲಿನ ಸೀರೆ ಹೊದೆಸಿತ್ತು. ಅವರೆಕಾಯಿಯ ಕಾಲ, ವತ್ಸಲಮ್ಮ ಕಾಳು ಬಿಡಿಸುತ್ತ ಕೂತಿದ್ದರು. ಒಗ್ಗರಣೆ ಕಂಬಿಗಳ ನಡುವಿನಿಂದ ಒಂದು ಕೈ ಹೊರಗೆ ಹಾಕಿ ಸಿಪ್ಪೆಯನ್ನು ಎಳೆದುಕೊಳ್ಳಲು ನೋಡುತ್ತಿತ್ತು.

"ದಿನಾ ಇದೇ ಗಲಾಟೆ," ಎಂದು ಅವರು ಒಂದು ಸಿಪ್ಪೆಯನ್ನು ಅದರ ಕಡೆಗೆ ಸರಿಸಿದರು. "ಕೈ ಹಾಕೋಕೆ ಶಕ್ತಿ ಬಂದಿದೆ ಅಂದ್ರೆ ಒಳ್ಳೇದೇ ಅಲ್ವಾ ಡಾಕ್ಟ್ರೇ?"

ಒಳ್ಳೆಯದೇ ಎಂದೆ.

ಮುಂದಿನ ಎಕ್ಸ್‌ರೇಯಲ್ಲಿ ಮೂಳೆಯ ಅಂಚು ತೆಳ್ಳಗೆ ಬೆಳ್ಳಗೆ ಮೂಡಿತ್ತು. ಅದರ ಮುಂದಿನದರಲ್ಲಿ ಇನ್ನಷ್ಟು. ಮೂಳೆ ಗಟ್ಟಿಯಾಯಿತು, ಆದರೆ ಬಾಗಿದ್ದು ಬಾಗಿದ ಹಾಗೇ ಉಳಿಯಿತು. ಒಗ್ಗರಣೆ ಈಗಲೂ ಹಿಂದಿನ ಎಡಗಾಲನ್ನು ಹೊರಕ್ಕೆ ಬೀಸಿ ನಡೆಯುತ್ತದೆ. ಸೊಂಟದ ಮೂಳೆ ಕಿರಿದಾಗಿದ್ದರಿಂದ ಆಗಾಗ ಮಲಬದ್ಧತೆಯಾಗುತ್ತದೆ. ಪಂಜರದಿಂದ ಹೊರಗೆ ಬಿಟ್ಟ ದಿನ ಅದು ನೇರ ರಾಯರ ಕಾಲ ಬಳಿ ಹೋಗಿ ಕೂತಿತಂತೆ. ಮೇಘನಾ ಇದನ್ನು ನನಗೆ ಫೋನಿನಲ್ಲಿ ಹೇಳುತ್ತಿರುವಾಗ ಹಿಂದಿನಿಂದ ರಾಯರ ದನಿ ಕೇಳಿತು, "ಒಂದು ಗಂಟೆ ಅಲುಗಾಡ್ಲೇ ಇಲ್ಲ ನಾನು ಅಂತ್ಲೂ ಹೇಳು." ಅವಳು ನಕ್ಕಳು.

ಬೆಕ್ಕು ಪೂರ್ತಿ ಬೆಳೆದ ಮೇಲೆ ಮೇಘನಾ ಮತ್ತೆ ಕೇಳಿದಳು. ಹಸಿ ಮಾಂಸ ಶುರು ಮಾಡಬಹುದೇ? ನಾನು ಬೇಡವೆಂದೇ ಶುರು ಮಾಡಿದೆ. ಮಾಂಸದಲ್ಲಿ ಕ್ರಿಮಿಗಳಿರುತ್ತವೆ, ಬೆಕ್ಕಿಗೆ ಏನೂ ಆಗದಿದ್ದರೂ ಬಟ್ಟಲು ತೊಳೆಯುವವರಿಗೆ ಭೇದಿ ಹಿಡಿಯಬಹುದು. ಗರ್ಭಿಣಿಯರು, ವಯಸ್ಸಾದವರು ಇರುವ ಮನೆಯಲ್ಲಿ ಇನ್ನೂ ಹುಷಾರಾಗಿರಬೇಕು. ಅವಳು ಎಲ್ಲ ಕೇಳಿಸಿಕೊಂಡು, "ಆಯ್ತು ಮೇಡಂ, ಸರಿಯಾಗಿ ಮಾಡೋದು ಹೇಗೆ ಹೇಳಿ," ಎಂದಳು. ಬೇಡವೆಂದರೆ ನನ್ನನ್ನು ಕೇಳದೆ ಮಾಡುವವರೇ ಹೆಚ್ಚು ಎಂದು ಅಷ್ಟರಲ್ಲಿ ನನಗೆ ಅರ್ಥವಾಗಿತ್ತು. ಅಂದು ಎಕ್ಸ್‌ರೇ ನೋಡಿದ್ದ, ಪೋಷಣೆಯ ವಿಷಯದಲ್ಲೇ ಹೆಚ್ಚು ಓದಿದ ಅದೇ ಗೆಳತಿಯ ಹತ್ತಿರ ಮೇಘನಾಳ ಅಳತೆಯನ್ನು ತಿದ್ದಿಸಿಕೊಟ್ಟೆ. ದಿನಕ್ಕೆ ಒಂದು ಹೊತ್ತು ಹಸಿ, ಇನ್ನೊಂದು ಹೊತ್ತು ಪ್ಯಾಕೆಟ್ಟು. ಮೂಳೆಯನ್ನು ಕೊಚ್ಚುವುದಲ್ಲ, ಯಂತ್ರದಲ್ಲಿ ನುಣ್ಣಗೆ ಅರೆಸಬೇಕು. ಮಾವಳ್ಳಿಯ ಅಂಗಡಿಯಲ್ಲಿ ಅಷ್ಟರಲ್ಲಿ ಮೂಳೆಯನ್ನು ಇಡಿಯಾಗಿಯೇ ಅರೆಯುವ ಯಂತ್ರ ಬಂದಿತ್ತು. ತರುವ ಕೆಲಸ ಈಗ ಮೇಘನಾಳದು, ಭಾನುವಾರ ಬೆಳಗ್ಗೆ. ರಾಯರು ಜೊತೆಗೆ ಹೋಗಿ ಸ್ಕೂಟರ್ ಹತ್ತಿರ ನಿಂತಿರುತ್ತಿದ್ದರು.

ನಾನು ಕ್ಲಿನಿಕ್ ಮುಚ್ಚುವ ಸ್ವಲ್ಪ ಮುಂಚೆ ಒಂದು ದಿನ ವತ್ಸಲಮ್ಮ ಒಬ್ಬರೇ ಆಟೋದಲ್ಲಿ ಬಂದಿಳಿದರು. ಮಡಿಲಲ್ಲಿ ಬೆಕ್ಕಿನ ಚೀಲ. ಲಸಿಕೆಯ ದಿನ. ರಾಯರಿಗೆ ಕಣ್ಣಿನ ಆಪರೇಷನ್ ಆಗಿತ್ತು, ಮೇಘನಾ ಪರೀಕ್ಷೆಯ ಪತ್ರಿಕೆ ತಿದ್ದಲು ಬೇರೆ ಊರಿಗೆ ಹೋಗಿದ್ದಳು.

"ಹಾಗಾದ್ರೆ ಇದಕ್ಕೆ ಈಗ ಎರಡು ಹೊತ್ತೂ ಪ್ಯಾಕೆಟ್ಟೇನಾ?" ಎಂದು ಕೇಳಿದೆ.

ಅವರು ಸೆರಗು ಸರಿಮಾಡಿಕೊಂಡು, ಬಾಗಿಲ ಕಡೆ ಒಮ್ಮೆ ನೋಡಿದರು. "ಡಬ್ಬಿ ಖಾಲಿ ಆಗಿತ್ತು. ನಾನೇ ಮಾವಳ್ಳಿಗೆ ಹೋಗಿದ್ದೆ."

ನಾನು ಸಿರಿಂಜನ್ನು ಮೇಜಿನ ಮೇಲಿಟ್ಟು ಅವರ ಕಡೆ ತಿರುಗಿದೆ.

"ಅಂಗಡಿ ಹುಡುಗ ಒಳ್ಳೇವ್ನು. ಅಮ್ಮಾ ನೀವು ಆಚೆ ನಿಂತಿರಿ, ನಾನು ಕಟ್ಟಿ ತಂದ್ಕೊಡ್ತೀನಿ ಅಂದ. ನಿಲ್ಲಲಿಲ್ಲ ನಾನು. ನಮ್ಮನೆಯವರು ನೋಡೋಕಾಗದೆ ಆಚೆ ನಿಂತಿದ್ದಕ್ಕೇ ತಾನೆ ಇದರ ಕಾಲು ಹೀಗಾಗಿದ್ದು? ಮಿಲ್ಲಲ್ಲಿ ಸಾರಿನ ಪುಡಿ ಮಾಡಿಸುವಾಗ ಎದುರಿಗೇ ನಿಂತಿರ್ತೀನಲ್ಲ, ಹಾಗೇ ನಿಂತೆ. ಮೂಳೆ ಎಷ್ಟು ಹಾಕ್ತಾನೆ, ಹಾಕಿದ್ದೆಲ್ಲ ಈ ಕಡೆ ಬರತ್ತಾ ನೋಡ್ದೆ." ಅವರು ಬೆಕ್ಕಿನ ಕತ್ತನ್ನು ಎರಡೂ ಕೈಯಿಂದ ಹದವಾಗಿ ಹಿಡಿದುಕೊಂಡರು, ನಾನು ಚುಚ್ಚಲಿ ಎಂದು. "ಮೊದಲ ಸಲ ಸ್ವಲ್ಪ ತರಿತರಿಯಾಗಿತ್ತು. ಇನ್ನೊಂದ್ಸಲ ಹಾಕಪ್ಪಾ ಅಂದೆ."